ಓಂಕಾರ ಫೋನಿಗೆ ಬರಲಿಲ್ಲವೆಂದು

ಜನ್ನಾಪುರ, ಭದ್ರಾವತಿ
೩ ಸೆಪ್ಟೆಂಬರ್ ೨೦೨೫, ಬುಧವಾರ

ಪ್ರೀತಿಯ ಲಿಖಿತಾ,

ಕವರಿನ ಮೇಲೆ ಅತ್ತೆಯ ಅಕ್ಷರ ನೋಡಿ ಗಾಬರಿಯಾಗಬೇಡ. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನೀನು ಹೇಗಿದ್ದೀಯ? ಅಸ್ಸಾಮಿನಲ್ಲಿ ಮಳೆ ಇನ್ನೂ ಬಿಟ್ಟಿಲ್ಲವೆಂದು ಸುದೀಪ ಮೊಬೈಲಿನಲ್ಲಿ ನೋಡಿ ದಿನಾ ಹೇಳುತ್ತಾನೆ. ಬೂಟಿನೊಳಗೆ ನೀರು ನಿಂತು ಕಾಲ್ಬೆರಳ ಸಂದಿ ಹುಣ್ಣಾಗಿದೆ ಅಂದಿದ್ದೆಯಲ್ಲ, ಮಾಯಿತೇ? ಡ್ಯೂಟಿ ಇಲ್ಲದ ಹೊತ್ತಿನಲ್ಲಿ ಕಾಲನ್ನು ಚೆನ್ನಾಗಿ ಒರೆಸಿ ಗಾಳಿಗೆ ಬಿಡು, ಒದ್ದೆ ಸಾಕ್ಸ್ ಮತ್ತೆ ಹಾಕಿಕೊಳ್ಳಬೇಡ. ಅಲ್ಲಿಯ ಅನ್ನ ಸೇರುತ್ತಿದೆಯೋ ಇಲ್ಲವೋ. ನಿನ್ನ ಮಾವನಿಗೆ ಮಂಡಿನೋವು ಹಾಗೇ ಇದೆ, ಹೆಚ್ಚಿಲ್ಲ ಕಡಿಮೆಯೂ ಇಲ್ಲ. ನನಗೆ ಬಿಪಿ ಮಾತ್ರೆ ಒಂದೇ ಸಾಕು ಎಂದು ಡಾಕ್ಟರು ಅಂದಿದ್ದಾರೆ.

ನೀನು ಗುಡ್ಡ ಹತ್ತಿ ಸಿಗ್ನಲ್ ಹುಡುಕಿ ಮಾಡುವ ಫೋನಿನಲ್ಲಿ ನಾಲ್ಕು ಮಾತು ಆಡುವುದರೊಳಗೆ ಲೈನ್ ಹೋಗಿರುತ್ತದೆ. ನಾನು ಹೇಳಬೇಕಾದದ್ದು ನಾಲ್ಕು ಮಾತಿನಲ್ಲಿ ಮುಗಿಯುವಂಥದ್ದಲ್ಲ, ಅದಕ್ಕೇ ಕಾಗದ ಹಿಡಿದೆ. ಕಳೆದ ಭಾನುವಾರ ಬೆಳಿಗ್ಗೆ ನೀನು ಫೋನ್ ಮಾಡಿದಾಗ ವಾಣಿ ಮಾತಾಡಿದಳು. ಓಂಕಾರ ಅಡುಗೆಮನೆ ಬಾಗಿಲ ಹಿಂದೆ ನಿಂತುಬಿಟ್ಟ. ಎಳೆದು ತಂದರೆ ನನ್ನ ಸೆರಗಿನೊಳಗೆ ಮುಖ ಹುದುಗಿಸಿ "ಬ್ಯಾಡ, ಬ್ಯಾಡ" ಅಂದ. ಅದು ನಿನಗೆ ಕೇಳಿಸಿತು. ಆಮೇಲೆ, "ಅತ್ತೆ, ನನ್ ಕೈಲಿ ಆಗಲ್ಲ. ರಾಜೀನಾಮೆ ಬರ್ದಿಟ್ಟಿದೀನಿ, ಮುಂದಿನ್ ತಿಂಗ್ಳು ಕೊನೇಲಿ ಕೊಟ್ಟು ಬಂದ್ಬಿಡ್ತೀನಿ" ಅಂದೆ. ಅಷ್ಟರಲ್ಲಿ ಲೈನ್ ಕಟ್ಟಾಯಿತು. ಸುದೀಪ ಎಷ್ಟು ಸಲ ತಿರುಗಿ ಮಾಡಿದರೂ ಸಿಗಲಿಲ್ಲ. ಅವನನ್ನು ಕೇಳಿದರೆ, "ಅವಳಿಷ್ಟ ಕಣಮ್ಮ, ನಾನೇನೂ ಹೇಳಲ್ಲ" ಎಂದು ಬೈಕ್ ಒರೆಸಲು ಕೂತ. ಒರೆಸಿದ್ದನ್ನೇ ಒರೆಸುತ್ತಿದ್ದ.

ಮೊದಲು ಮಕ್ಕಳ ಸಮಾಚಾರ ಹೇಳುತ್ತೇನೆ, ಅದನ್ನು ಕೇಳಲು ನಿನ್ನ ಜೀವ ಎಷ್ಟು ಹಾತೊರೆಯುತ್ತದೆ ಎಂದು ಗೊತ್ತು. ವಾಣಿಯ ಮುಂದಿನ ಹಲ್ಲು ಗಣಪತಿ ಹಬ್ಬದ ದಿನ ಕಡುಬು ಕಚ್ಚುವಾಗ ಬಿತ್ತು. ಮಾಡಿನ ಮೇಲೆ ಎಸೆಯಬೇಕು, ಹೊಸ ಹಲ್ಲು ಬೇಗ ಬರುತ್ತದೆ ಅಂದರೆ ಕೇಳಲಿಲ್ಲ. "ಅಮ್ಮ ನೋಡೇ ಇಲ್ವಲ್ಲಜ್ಜಿ" ಎಂದು ಹತ್ತಿಯಲ್ಲಿ ಸುತ್ತಿ ಬೆಂಕಿಪೊಟ್ಟಣದಲ್ಲಿ ಇಟ್ಟಿದ್ದಳು. ಈ ಕವರಿನಲ್ಲಿ ಹಾಳೆಯ ನಡುವೆ ಮಡಿಸಿ ಅಂಟಿಸಿದ್ದೇನೆ, ಬಿಚ್ಚುವಾಗ ಬೀಳಿಸಬೇಡ. ಒಂದನೇ ಕ್ಲಾಸಿನ ಮಿಸ್ಸು ಮನೆಯಲ್ಲಿ ಏನಾದರೂ ಬೆಳೆಸಿ ಬರೆದುಕೊಂಡು ಬನ್ನಿ ಅಂದಿದ್ದಾರಂತೆ, ಈಗ ಹಿತ್ತಿಲಿಗೆ ಅವಳೇ ಯಜಮಾನಿ. ಪಡವಲ ಬಳ್ಳಿಗೆ ನಿನ್ನ ಮಾವ ಬಟ್ಟೆ ಒಣಹಾಕುವ ತಂತಿಯ ಮೇಲೇ ಚಪ್ಪರ ಕಟ್ಟಿಕೊಟ್ಟಿದ್ದಾರೆ. ಈಗ ಒಗೆದ ಬಟ್ಟೆ ಎಲ್ಲಿ ಹಾಕಬೇಕು ಎಂದರೆ ಅಜ್ಜ ಮೊಮ್ಮಗಳು ಇಬ್ಬರೂ ನನ್ನ ಮುಖ ನೋಡುತ್ತಾರೆ. ನಲವತ್ತು ವರ್ಷ ಕಾರ್ಖಾನೆಯ ಕುಲುಮೆಯ ಮುಂದೆ ನಿಂತ ಮನುಷ್ಯ ಈಗ ಮೆಂತ್ಯದ ಮೊಳಕೆಗೆ ಬಿಸಿಲು ಜಾಸ್ತಿಯಾಯಿತು ಎಂದು ಕೊಡೆ ಬಿಚ್ಚಿ ಇಡುತ್ತಾರೆ, ಮಾರಾಯ್ತಿ. ಆ ಕೊಡೆ ಹುಡುಕಿ ನಾನು ಸಂತೆಗೆ ಹೋಗುವುದು ತಡವಾಗುತ್ತದೆ.

ಪಡವಲಕಾಯಿ ನೆಟ್ಟಗೆ ಇಳಿಯಲಿ ಎಂದು ಮಾವ ಅದರ ತುದಿಗೆ ಸಣ್ಣ ಕಲ್ಲು ಕಟ್ಟಿದ್ದರು. ಓಂಕಾರ ನೋಡಿ, ಕಾಯಿಗೆ ನೋವಾಗುತ್ತದೆ ಎಂದು ರಂಪ ಮಾಡಿ ಬಿಚ್ಚಿಸಿದ. ಈಗ ಆ ಕಾಯಿ ಚೇಳಿನ ಕೊಂಡಿಯ ಹಾಗೆ ಸುತ್ತಿಕೊಂಡಿದೆ, ಪಕ್ಕದ ಮನೆ ಉಚ್ಚಂಗಮ್ಮ ದಿನಾ ಬಂದು ನೋಡಿ ನಗುತ್ತಾರೆ. ಅವನದ್ದೂ ಒಂದು ತೋಟ ಇದೆ, ತುಳಸಿಕಟ್ಟೆಯ ಹಿಂದೆ ಒಂದು ಗೇಣು ಜಾಗ. ಅಲ್ಲಿ ಎರಡು ಬಿಸ್ಕತ್ತು ನೆಟ್ಟು ನೀರು ಹಾಕಿದ. ಮಾರನೆಯ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಓಡಿಹೋಗಿ ನೋಡಿ ಬಂದು, "ಅಜ್ಜಿ, ಬಿಸ್ಕತ್ ಗಿಡದಲ್ಲಿ ಇರುವೆ ಬಿಟ್ಟೈತೆ" ಅಂದ. ಅವನಿಗೆ ಅದೇನೂ ನಷ್ಟವೆನಿಸಲಿಲ್ಲ, ಇರುವೆ ಬೆಳೆದದ್ದೇ ಸಂತೋಷ. ನಾನು ನಗುತ್ತಾ ಅಡುಗೆಮನೆಗೆ ಬಂದೆ. ನಿನ್ನ ಹತ್ತಿರ ಹೇಳಬೇಕು ಎಂದು ಬಾಯಿ ತೆರೆದದ್ದು ನೆನಪು. ನೀನಿಲ್ಲ. ರಜೆಗೆ ಬಂದಾಗ ಹೊಸ್ತಿಲ ಮೇಲೆ ಕೂತು ಕಾವಲಿಯಿಂದಲೇ ಅಕ್ಕಿರೊಟ್ಟಿ ಕಿತ್ತು ತಿನ್ನುತ್ತಾ, ಪೆರೇಡಿನಲ್ಲಿ ಕೂಗುವವರ ದನಿಯಲ್ಲಿ ಮಾತಾಡುತ್ತೀಯಲ್ಲ, ಆ ಹೊಸ್ತಿಲನ್ನು ಈಗ ನಾನು ಸುಮ್ಮನೆ ದಾಟಿ ಹೋಗುತ್ತೇನೆ. ಮೊನ್ನೆ ಆರು ಜನಕ್ಕೆ ಹಿಟ್ಟು ಕಲಸಿ, ಉಳಿದದ್ದನ್ನು ನೋಡಿ ಆಮೇಲೆ ಲೆಕ್ಕ ಹಿಡಿದೆ. ಹನ್ನೊಂದು ತಿಂಗಳಾದರೂ ಕೈಗೆ ಇನ್ನೂ ಗೊತ್ತಾಗಿಲ್ಲ.

ಈಗ ಭಾನುವಾರದ ಮಾತು. ನಿನ್ನ ಫೋನಾದ ಮೇಲೆ ಮನೆ ಸಪ್ಪಗಾಯಿತು. ಮಧ್ಯಾಹ್ನ ಸುದೀಪ ಗೆಳೆಯನ ಆಟೋ ಕೇಳಿ ತಂದು, ವಿಮಾನ ನೋಡಿ ಬರೋಣ ಬನ್ನಿ ಎಂದು ನಮ್ಮನ್ನೆಲ್ಲ ಸೋಗಾನೆಗೆ ಕರೆದುಕೊಂಡು ಹೋದ. ಬೇಲಿಯ ಹೊರಗೆ ನಿಂತರೂ ವಿಮಾನ ಇಳಿಯುವುದು ಕಾಣುತ್ತದೆ. ಅದು ಇಳಿದದ್ದನ್ನು ನೋಡಿ ವಾಣಿ ಚಪ್ಪಾಳೆ ತಟ್ಟಿದಳು, ನಿನ್ನ ಮಾವ ಟೋಪಿ ತೆಗೆದು ಹಿಡಿದುಕೊಂಡರು, ಯಾಕೋ ಗೊತ್ತಿಲ್ಲ. ನಾವು ಮೇಲೆ ನೋಡುತ್ತಿದ್ದ ಆ ಗಳಿಗೆಯಲ್ಲಿ ಓಂಕಾರ ನನ್ನ ಕೈ ಬಿಡಿಸಿಕೊಂಡು ಓಡಿದ. ಗೇಟಿನ ಹತ್ತಿರ ಖಾಕಿ ಬಟ್ಟೆಯ ಒಬ್ಬಳು ಹುಡುಗಿ ನಮಗೆ ಬೆನ್ನು ಹಾಕಿ ನಿಂತಿದ್ದಳು, ನಿನ್ನ ಹಾಗೇ ಜಡೆ ಎತ್ತಿ ಕಟ್ಟಿ, ನಿನ್ನಷ್ಟೇ ಎತ್ತರ. ಇವನು ಹೋಗಿ ಎರಡು ಕೈಯಲ್ಲೂ ಅವಳ ಕಾಲು ತಬ್ಬಿಕೊಂಡು "ಅಮ್ಮಾ" ಅಂದ. ಲಿಖಿತಾ, ಅವನು ಕರೆದ ಆ ದನಿ ನಾನು ಈವರೆಗೆ ಕೇಳಿರಲಿಲ್ಲ. ನನ್ನನ್ನು ಕರೆಯುವಾಗ ಅವನು ಹಾಗೆ ಕರೆಯುವುದಿಲ್ಲ.

ಆ ಹುಡುಗಿ ಬೆಚ್ಚಿದಳು, ಆದರೆ ಗದರಲಿಲ್ಲ. ಬಗ್ಗಿ ಎತ್ತಿಕೊಂಡಳು. ಅವನು ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, ಆಮೇಲೆ ನಮ್ಮ ಕಡೆ ತಿರುಗಿ, ಅಳದೆ, ಬಹಳ ಸಮಾಧಾನದಲ್ಲಿ "ಇದು ನಮ್ಮಮ್ಮ ಅಲ್ಲ" ಅಂದ. ಅಳು ಬಂದದ್ದು ಅವಳಿಗೆ. ಅವಳ ಹೆಸರು ಯಶೋಧರಾ, ಹೊಳಲ್ಕೆರೆ ಕಡೆಯವಳಂತೆ, ಅವಳಿಗೂ ಊರಲ್ಲಿ ಒಂದು ಹೆಣ್ಣುಮಗು ಇದೆಯಂತೆ. "ಎಲ್ಲಿದಾರೆ ಇವರಮ್ಮ?" ಎಂದು ಕೇಳಿದಳು. ಅಸ್ಸಾಮಿನಲ್ಲಿ ಫೋರ್ಸಿನಲ್ಲಿದ್ದಾಳೆ ಅಂದೆ. ಅವಳು ಓಂಕಾರನನ್ನು ನನ್ನ ಕೈಗೆ ಕೊಟ್ಟು, ನೆಟ್ಟಗೆ ನಿಂತು ಅವನಿಗೆ ಒಂದು ಸೆಲ್ಯೂಟ್ ಹೊಡೆದಳು. ಸುದೀಪ ಆಟೋ ಕಡೆ ಹೊರಟುಹೋದ. ಅವನು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿಲ್ಲ ಎಂದೇ ಅವನು ತಿಳಿದಿದ್ದಾನೆ.

ಮನೆಗೆ ಬಂದು ಮಕ್ಕಳ ಕೈಕಾಲು ತೊಳೆದು, ಮಂಡಕ್ಕಿ ಕಲಸಿಕೊಟ್ಟು, ಓಂಕಾರನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳಿದೆ. ಅಮ್ಮ ಎಂದರೆ ಅಷ್ಟು ಆಸೆ ಇದೆಯಲ್ಲ, ಮತ್ತೆ ಫೋನಿಗೆ ಯಾಕೆ ಬರಲಿಲ್ಲ ಎಂದು. ಅವನು ಮಂಡಕ್ಕಿಯಿಂದ ಕಡಲೆಬೀಜ ಆರಿಸಿ ತಿನ್ನುತ್ತಾ ಹೇಳಿದ, "ನಾನ್ ಮಾತಾಡಿದ್ರೆ ಅಮ್ಮ ಅಳ್ತಾಳೆ."

ಅಷ್ಟೇ ಕಣೇ. ಮಗು ನಿನ್ನನ್ನು ಮರೆತಿಲ್ಲ. ನೀನು ಪ್ರತಿ ಭಾನುವಾರ ಅವನ ದನಿ ಕೇಳಿದ ಕೂಡಲೇ ಅಳುತ್ತೀಯಲ್ಲ, ಅದು ತನ್ನಿಂದಲೇ ಆಗುತ್ತಿದೆ ಎಂದು ಮೂರು ವರ್ಷದ ಆ ಜೀವ ತಿಳಿದುಕೊಂಡಿದೆ. ನಿನ್ನನ್ನು ಅಳಿಸಬಾರದು ಎಂದು ಬಾಗಿಲ ಹಿಂದೆ ನಿಂತುಕೊಂಡಿತ್ತು. ನಾನು ಅದನ್ನು ಕೈಹಿಡಿದು ಎಳೆದೆ. ಇದನ್ನು ನಿನಗೆ ಹೇಳದೆ ಇರಲು ನನ್ನಿಂದ ಆಗಲಿಲ್ಲ.

ಇನ್ನೊಂದು ಮಾತೂ ಹೇಳದೆ ಇಟ್ಟಿದ್ದೇನೆ. ನಿನ್ನನ್ನು ಬೆಂಗಳೂರಿನ ಕ್ಯಾಂಪಿನಿಂದ ಅಸ್ಸಾಮಿಗೆ ಹಾಕಿದರು ಎಂದು ಆರ್ಡರ್ ಬಂದ ದಿನ ನಾನು, "ಈ ಕೆಲ್ಸ ಇಲ್ದಿದ್ರೆ ನಮ್ಮನೇಲಿ ಅನ್ನ ಬೇಯಲ್ವಾ?" ಅಂದೆ. ನೀನು ಟ್ರಂಕಿಗೆ ಬಟ್ಟೆ ಮಡಿಸುತ್ತಾ ಇದ್ದೆ. ಆ ಮಾತು ಯಾಕೆ ಬಂತು ಎಂದು ಹೇಳುತ್ತೇನೆ. ಮದುವೆಗೆ ಮೊದಲು ನಾನು ನರ್ಸ್ ತರಬೇತಿ ಮಾಡಿದ್ದೆ, ಹೆರಿಗೆ ನೋಡುವ, ಮಕ್ಕಳಿಗೆ ಚುಚ್ಚುಮದ್ದು ಹಾಕುವ ಸಿಸ್ಟರ್ ಕೆಲಸಕ್ಕೆ. ಸುದೀಪನಿಗೆ ಎರಡು ತುಂಬಿದಾಗ ಕುಂಸಿಗೆ ಆರ್ಡರ್ ಬಂತು. ಅಲ್ಲಿ ಒಂದು ರೂಮು ಮಾಡಿಕೊಂಡು ಶನಿವಾರ ಮನೆಗೆ ಬಂದು ಸೋಮವಾರ ಮೊದಲ ಬಸ್ಸಿಗೆ ಹೋಗುತ್ತಿದ್ದೆ. ಕೆಲಸ ನನಗೆ ಬಹಳ ಇಷ್ಟವಿತ್ತು. ಹಳ್ಳಿಯ ಬಾಣಂತಿಯರು "ಸಿಸ್ಟ್ರೇ" ಎಂದು ಕರೆದು ಕೈಗೆ ಬೆಲ್ಲದ ಚೂರು ಇಡುತ್ತಿದ್ದರು. ಐದನೇ ತಿಂಗಳು ಒಂದು ಶನಿವಾರ ಬಂದರೆ ಸುದೀಪ ನನ್ನ ಹತ್ತಿರ ಬರಲಿಲ್ಲ. ನನ್ನ ಅತ್ತೆಯ ಸೊಂಟ ಬಿಡಲಿಲ್ಲ. ಸೋಮವಾರ ನಾನು ಬಸ್ಸು ಹತ್ತಲಿಲ್ಲ.

ಯಾರೂ ಬಿಡು ಅನ್ನಲಿಲ್ಲ, ಅದು ಸತ್ಯ. ನಿನ್ನ ಮಾವ "ನಿನ್ನಿಷ್ಟ ಕಣೆ" ಅಂದರು. ಬಿಡಬೇಡ ಎಂದೂ ಯಾರೂ ಹೇಳಲಿಲ್ಲ. ಹದಿನೈದೇ ದಿನದಲ್ಲಿ ಸುದೀಪ ನನ್ನ ಬೆನ್ನು ಬಿಡದಂತಾದ. ಹದಿನೈದು ದಿನ ರಜೆ ಹಾಕಿದ್ದರೆ ಸಾಕಿತ್ತು ಎಂದು ತಿಳಿಯುವ ಹೊತ್ತಿಗೆ ನನ್ನ ಜಾಗಕ್ಕೆ ಬೇರೆಯವರು ಬಂದಾಗಿತ್ತು. ವಾಣಿ ಹುಟ್ಟಿದಾಗ ತೊಟ್ಟಿಲಿಗೆ ಕಟ್ಟಿದೆವಲ್ಲ, ಹಳೆಯ ಬಿಳಿ ಸೀರೆ, ಎಲ್ಲಿಯದು ಎಂದು ನೀನು ಕೇಳಿದ್ದೆ. ಅದು ಕುಂಸಿಯದು. ನಾನು ಆಗ ಏನೋ ಹೇಳಿ ಮಾತು ತಿರುಗಿಸಿದೆ. ಮಗನನ್ನು ಬೆಳೆಸಿದ್ದಕ್ಕೆ ನನಗೆ ದುಃಖವಿಲ್ಲ. ಆದರೆ ನೀನು ಬೂಟು ಪಾಲಿಶ್ ಮಾಡುವುದನ್ನು ನೋಡಿದಾಗಲೆಲ್ಲ ನನಗೆ ಏನೋ ಚುಚ್ಚುತ್ತಿತ್ತು, ಅದು ಆ ದಿನ ಬಾಯಿಂದ ಹೊರಬಿತ್ತು. ನಾನು ಹಾಗೆ ಅನ್ನಬಾರದಿತ್ತು. ಅತ್ತೆಯಾಗಿ ಸೊಸೆಗೆ ತಪ್ಪಾಯಿತು ಎಂದು ಬರೆಯುವುದು ನಮ್ಮ ಕಡೆ ರೂಢಿಯಲ್ಲಿಲ್ಲ, ಇರಲಿ, ಬರೆದಿದ್ದೇನೆ.

ಹಾಗೆಂದು ನೀನು ಬರಲಿ ಎಂದು ಆಸೆಯಿಲ್ಲವೆಂದುಕೊಳ್ಳಬೇಡ. ಸೇವಂತಿಗೆ ಮೊಗ್ಗಾಗಿದೆ, ಬಸಳೆ ಬೇಲಿಯಾಚೆ ಹಬ್ಬಿ ಉಚ್ಚಂಗಮ್ಮನ ಗೋಡೆ ಹತ್ತಿದೆ, ಭಾನುವಾರದ ಎಣ್ಣೆಸ್ನಾನಕ್ಕೆ ಇಬ್ಬರು ಮಕ್ಕಳನ್ನೂ ಒಬ್ಬಳೇ ಹಿಡಿಯಲು ಆಗುವುದಿಲ್ಲ. ಬೀದಿಯಲ್ಲಿ ಯಾರ ಬೂಟಿನ ಸದ್ದಾದರೂ ನಾನೇ ಮೊದಲು ಕಿಟಕಿಗೆ ಹೋಗುತ್ತೇನೆ, ಮಕ್ಕಳಿಗಿಂತ ಮೊದಲು. ಈ ವಯಸ್ಸಿನಲ್ಲಿ ಇದನ್ನು ಯಾರಿಗೆ ಹೇಳಲಿ.

ಮಾವ ನಿನ್ನನ್ನು ಹುಷಾರಾಗಿರಲು ಹೇಳಿದ್ದಾರೆ. ವಾಣಿ ಇದರ ಹಿಂದುಗಡೆ ಪಡವಲ ಬಳ್ಳಿ ಬರೆದಿದ್ದಾಳೆ, ಹಾವಲ್ಲ. ಕೆಳಗಿನ ಗೀಚು ಓಂಕಾರನ ಸಹಿ. ಭದ್ರೆಯ ದಡದಲ್ಲಿ ಹೇಗೋ ಹಾಗೇ ಬ್ರಹ್ಮಪುತ್ರೆಯ ದಡದಲ್ಲೂ ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅತ್ತೆ,
ಜಲಜಮ್ಮ

ಮರೆತೆ: ಮಾವ ಪೋಸ್ಟಿಗೆ ಹೋಗಲು ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಸುದೀಪ ನಿನ್ನೆ ಟಿಕೆಟ್ ಮಾಡಿಸಿದ. ಶಾಲೆಗೆ ದಸರಾ ರಜ ಬಿದ್ದ ಮೇಲೆ, ಇಪ್ಪತ್ನಾಲ್ಕನೇ ತಾರೀಕು ಬುಧವಾರ ರಾತ್ರಿ ಬೆಂಗಳೂರಿನಲ್ಲಿ ರೈಲು ಹತ್ತಿ ಶನಿವಾರ ಬೆಳಿಗ್ಗೆ ಗುವಾಹಟಿಯಲ್ಲಿ ಇಳಿಯುತ್ತೇವೆ. ಸುದೀಪ, ನಾನು, ಇಬ್ಬರು ಮಕ್ಕಳು. ದಾವಣಗೆರೆ ದಾಟಿ ನಾನು ಎಲ್ಲಿಗೂ ಹೋದವಳಲ್ಲ, ಆದರೂ ಬರುತ್ತೇನೆ. ನಿನ್ನ ಸಾಹೇಬರನ್ನು ಕೇಳಿ ಎಷ್ಟು ದಿನ ಸಿಕ್ಕರೆ ಅಷ್ಟು ರಜೆ ತೆಗೆದುಕೊಂಡು ಅಲ್ಲಿಗೆ ಬಾ. ಸಿಗದಿದ್ದರೆ ನಿನ್ನ ಕ್ಯಾಂಪಿನ ಹತ್ತಿರದ ಊರಿಗೆ ನಾವೇ ಬಂದು ರೂಮು ಹಿಡಿಯುತ್ತೇವೆ. ಹದಿನೈದು ದಿನ ಇರಲು ತಯಾರಾಗಿಯೇ ಹೊರಟಿದ್ದೇವೆ. ಅಲ್ಲಿಯವರೆಗೆ ಆ ರಾಜೀನಾಮೆ ಕಾಗದ ಯಾರ ಕೈಗೂ ಕೊಡಬೇಡ. ಮಕ್ಕಳನ್ನು ನೋಡಿ, ಅವರ ಜೊತೆ ಇದ್ದು, ಆಮೇಲೂ ಬಿಡುತ್ತೇನೆ ಅಂದರೆ ನಿನ್ನ ಟ್ರಂಕಿನ ಒಂದು ಹಿಡಿ ನಾನೇ ಹಿಡಿದುಕೊಂಡು ಕರೆತರುತ್ತೇನೆ, ಯಾಕೆ ಎಂದು ಒಂದು ಮಾತು ಕೇಳುವುದಿಲ್ಲ. ಬಿಡುವುದಿಲ್ಲ ಅಂದರೆ ಮಕ್ಕಳನ್ನು ಕರೆದುಕೊಂಡು ವಾಪಸ್ ಬರುತ್ತೇನೆ, ಮುಂದಿನ ರಜೆಗೆ ಮತ್ತೆ ಬರುತ್ತೇನೆ. ನನ್ನ ಕೈಕಾಲು ಇನ್ನೂ ಗಟ್ಟಿಯಿದೆ.