ಇಪ್ಪತ್ತೆಂಟು ದಿನ ನಿಂತ ಸೈಕಲ್

ಸೈಕಲ್ ಡಿಪೋದ ಅಧಿಕಾರಿಗಳಿಗೆ,

ರೈಲು ನಿಲ್ದಾಣದೆದುರು ಇಪ್ಪತ್ತೆಂಟು ದಿನ ಮೀರಿ ನಿಂತಿತೆಂದು ನೀವು ಒಯ್ದ ಹಸಿರು ಸೈಕಲ್ ನನ್ನ ಗಂಡ ಶೂರ್ಡ್ ಅವರದು. ನಿಮ್ಮ ನಿಯಮ ಸರಿಯೇ. ಅವರು ಅದನ್ನು ಅಲ್ಲಿ ನಿಲ್ಲಿಸಿದ ದಿನ ಬೆಳಿಗ್ಗೆ, ನಿಲ್ದಾಣಕ್ಕೆ ಕಾರಿನಲ್ಲಿ ಬಿಡುತ್ತೇನೆಂದೆ. "ಎಂಟು ನಿಮಿಷದ ದಾರಿಗೆ ಯಾರಾದ್ರೂ ಕಾರ್ ತೆಗೀತಾರೇನೇ?" ಎಂದು ನಕ್ಕು ಹೋದರು. ಉಟ್ರೆಕ್ಟ್‌ನ ಕಚೇರಿಯಲ್ಲೇ ಎದೆನೋವು ಬಂದು ತೀರಿಕೊಂಡರು.

ನೀವು ಹ್ಯಾಂಡಲ್ಲಿಗೆ ಕಟ್ಟಿದ್ದ ಎಚ್ಚರಿಕೆಯ ಚೀಟಿಯನ್ನು ದಿನವೂ ಓದುತ್ತಿದ್ದೆ. ಬೀಗದ ಇನ್ನೊಂದು ಕೀ ನನ್ನ ಜೇಬಿನಲ್ಲೇ ಇತ್ತು. ಸೈಕಲ್ ಮನೆಗೆ ಒಯ್ದುಬಿಟ್ಟರೆ ಸಂಜೆ ರೈಲಿಳಿದ ಅವರು ನಡೆದು ಬರಬೇಕಾಗುತ್ತದಲ್ಲ ಎಂದು ಅಲ್ಲೇ ಬಿಟ್ಟು ಬರುತ್ತಿದ್ದೆ.

ಸೈಕಲ್ ಬಿಡಿಸಿಕೊಳ್ಳಲು ಗುರುವಾರ ಬರುತ್ತೇನೆ. ನನ್ನ ಕಾಲು ಪೆಡಲಿಗೆ ಎಟುಕದ್ದನ್ನು ಕಂಡು ನಿಮ್ಮವರು ಕನಿಕರದಿಂದ ಸೀಟು ಇಳಿಸಲು ಬರಬಹುದು. ದಯವಿಟ್ಟು ಇಳಿಸಬೇಡಿ. ಮನೆಯವರೆಗೂ ತಳ್ಳಿಕೊಂಡೇ ಹೋಗುತ್ತೇನೆ.

ಇಂತಿ,
ಹಿಲ್ಕೆ