ಪ್ಲಂಬರ್ ಗಂಡನ ವಾಲ್ವ್

ರೀ,

ನಿಮ್ಮ ಹೃದಯದ ವಾಲ್ವ್ ಬದಲಿಸಲು ದಿನ ಗೊತ್ತು ಮಾಡಿಕೊಂಡು ಬರೋಣವೆಂದು ಆಸ್ಪತ್ರೆಗೆ ಹೊರಟಿದ್ದೇನೆ. ನಿನ್ನೆ ನನ್ನ ತಮ್ಮನಿಗೆ ಆಪರೇಷನ್ ವಿವರಿಸಲು ಬಿಚ್ಚಿ ಹರಡಿದ ಅಡುಗೆಮನೆಯ ನಲ್ಲಿಯನ್ನು ಮೊದಲು ಜೋಡಿಸಿ. ಪಾತ್ರೆ ಹಾಗೇ ಬಿದ್ದಿವೆ.

ನೀವು ಹೇಳುವಂತೆ ತೊಡೆಯ ರಕ್ತನಾಳದಿಂದ ವಾಲ್ವ್ ತೂರಿಸಿದರೆ ಮೂರೇ ದಿನಕ್ಕೆ ಮನೆಗೆ ಬರಬಹುದು, ನಿಜ. ಆದರೆ ಐವತ್ತೆರಡಕ್ಕೇ ಹಾಕಿಸಿಕೊಂಡರೆ ಅದು ಎಷ್ಟು ಕಾಲ ಬಾಳುತ್ತದೋ ಗೊತ್ತಿಲ್ಲ, ಎದೆ ತೆರೆದು ಹಾಕುವ ಲೋಹದ್ದು ಹೆಚ್ಚು ಬಾಳುತ್ತದೆ ಎಂದರಲ್ಲ ಡಾಕ್ಟರು. ಅದಕ್ಕೆ ರಕ್ತ ಹೆಪ್ಪುಗಟ್ಟದಂತೆ ದಿನಾ ಮಾತ್ರೆ ಬೇಕಂತೆ, ನುಂಗಿಸುವುದು ನನ್ನ ಕೆಲಸ. "ಗೋಡೆ ಒಡೀದೆ ಮಾಡಿದ್ದು ಪ್ಲಂಬಿಂಗೇ ಅಲ್ಲ" ಅಂತ ಊರಿಗೆಲ್ಲ ಹೇಳುವ ನೀವು, ನಿಮ್ಮ ಗೋಡೆಯ ಸರದಿ ಬಂದಾಗ ಜಾರಿಕೊಳ್ಳುವುದೇ?

ನಮ್ಮ ಬಚ್ಚಲಿನ ನಲ್ಲಿ ಒಂಬತ್ತು ವರ್ಷದಿಂದ ಸೋರುತ್ತಿದೆ. ನಿಮ್ಮ ಕೈಯಲ್ಲಿ ಅದು ರಿಪೇರಿಯಾಗಬೇಕಾದರೆ ನೀವು ಇನ್ನೂ ಮೂವತ್ತು ವರ್ಷವಾದರೂ ಇರಬೇಕು.