ಬಲಗಾಲಿನ ಹೊರ ಅಂಚು

ಸಾಣೆ ಕೋಣೆ,
ಮಂಗಳವಾರ ಬೆಳಿಗ್ಗೆ, ಮಾರ್ಚ್ ೪

ನನ್ನ ಮುದ್ದು ಮೊಂಡಿಗೆ,

ಅಮ್ಮನ ಆಶೀರ್ವಾದ, ಅದರ ಜೊತೆಗೆ ಒಂದಿಷ್ಟು ಸಿಟ್ಟು. ನಿನ್ನ ಕಾಗದ ನಿನ್ನೆ ಬಂತು. ಎರಡು ಪುಟದ ತುಂಬ ಐಸ್ ಸ್ಕೇಟಿಂಗ್ ಕ್ಲಬ್ಬಿನ ಐವತ್ತನೇ ವರ್ಷಕ್ಕೆ ನೀನು ತರುತ್ತಿರುವ ಪುಸ್ತಕದ ವಿಚಾರ. ಕೊನೆಗೆ, ಒಂದು ಮೂಲೆಯಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ, ಅವರು ಕೊಡುತ್ತಿರುವ ಮುಖ್ಯ ಕೋಚ್ ಕೆಲಸ ನಿನಗೆ ಬೇಡವೆಂದು ಶುಕ್ರವಾರ ಬರೆದುಕೊಡುವ ಸುದ್ದಿ. ಕಾರಣವನ್ನೂ ಬರೆದಿದ್ದೀಯ. ಹನ್ನೊಂದು ವರ್ಷದ ಹಿಂದೆ ದೊಡ್ಡ ಸ್ಪರ್ಧೆಯ ದಿನ ಹೆದರಿ ಬಿದ್ದವಳು, ಯಾವ ಮುಖ ಇಟ್ಟುಕೊಂಡು ಬೇರೆಯವರ ಮಕ್ಕಳಿಗೆ ಧೈರ್ಯ ಕಲಿಸುವುದು ಎಂದು. ಮುಖದ ಮಾತು ಆಮೇಲೆ ನೋಡೋಣ. ಮೊದಲು ನೀನು ಕೇಳಿದ್ದಕ್ಕೆ ಉತ್ತರ.

ಹೆಂಗಸರ ಸ್ಕೇಟಿಂಗಿನಲ್ಲಿ ನನಗೆ ಅತಿ ಇಷ್ಟವಾದ ಪ್ರದರ್ಶನಗಳು ಯಾವುವು ಎಂದು ಕೇಳಿದ್ದೀಯ. ಸರಿಯಾದವಳನ್ನೇ ಕೇಳಿದೆ ಬಿಡು. ಕುರ್ಚಿಯಲ್ಲಿ ಕೂತವರು ಅಂಗಿಯ ಮಿಂಚು ನೋಡುತ್ತಾರೆ. ತೀರ್ಪುಗಾರರು ಗಾಳಿಯಲ್ಲಿ ಎಷ್ಟು ಸುತ್ತು ತಿರುಗಿದಳೆಂದು ಎಣಿಸುತ್ತಾರೆ. ಮೂವತ್ತು ವರ್ಷದಿಂದ ಇಲ್ಲಿ ಸ್ಕೇಟುಗಳಿಗೆ ಸಾಣೆ ಹಿಡಿಯುವ ನನಗೆ ಕಿವಿ ಸಾಕು. ಬೂಟಿನ ಅಡಿಯ ಬ್ಲೇಡಿನ ತಳದಲ್ಲಿ ಉದ್ದಕ್ಕೂ ಸಣ್ಣದೊಂದು ಕಾಲುವೆ, ಅದರ ಆಚೀಚೆ ಎರಡು ಅಂಚು, ಒಳಗಿನದೊಂದು ಹೊರಗಿನದೊಂದು. ಚೆನ್ನಾಗಿ ಜಾರುವವಳು ಒಂದು ಹೊತ್ತಿಗೆ ಒಂದೇ ಅಂಚಿನ ಮೇಲಿರುತ್ತಾಳೆ, ಹೆಚ್ಚು ಸದ್ದು ಮಾಡುವುದಿಲ್ಲ. ಇದೆಲ್ಲ ನಿನಗೆ ಗೊತ್ತು. ಪುಸ್ತಕ ಓದುವವರಿಗೆ ಗೊತ್ತಿರಲಿ ಎಂದು ಬರೆದೆ.

ನನ್ನ ಪಟ್ಟಿಯಲ್ಲಿ ಹಸಿರು ಅಂಗಿಯ ಅಜ್ಜಿ ಇರಲೇಬೇಕು. ಮೂವತ್ತೊಂದು ವರ್ಷಕ್ಕೇ ಎಲ್ಲರೂ ಅವಳನ್ನು ಅಜ್ಜಿ ಎನ್ನುತ್ತಿದ್ದರು, ಪಾಪ. ಆ ಸಲ ತನ್ನ ಕಷ್ಟದ ಜಿಗಿತಗಳನ್ನೆಲ್ಲ ತಾನೇ ತೆಗೆದುಹಾಕಿ, ಐಸ್ ಅಂಗಳದ ಈ ತುದಿಯಿಂದ ಆ ತುದಿಗೆ ಬರೀ ಹೆಜ್ಜೆ ಹಾಕಿಕೊಂಡು ಹೋದಳು. ನಾನು ಸ್ಕ್ರೂಡ್ರೈವರ್ ಹಿಡಿದುಕೊಂಡು ಬಾಗಿಲಲ್ಲಿ ನಿಂತವಳು ನಿಂತೇ ಇದ್ದೆ. ನಿಮ್ಮಪ್ಪ ತಂದಿಟ್ಟ ಚಹಾ ಆರಿ ತಣ್ಣಗಾಯಿತು. ಅವಳಿಗೆ ಒಂಬತ್ತನೇ ಸ್ಥಾನ ಕೊಟ್ಟರು. ಕೊಟ್ಟವರ ಕಣ್ಣಿಗೆ ಏನಾಗಿತ್ತೋ.

ಆಮೇಲೆ ಆ ಕಡ್ಡಿಯಂಥ ಹುಡುಗಿ. ಶುರುವಾಗಿ ಒಂದು ನಿಮಿಷಕ್ಕೆ ಹಾಡು ಗಕ್ಕನೆ ನಿಂತುಹೋಯಿತು. ನಿಲ್ಲಿಸಿ ಮತ್ತೆ ಶುರುಮಾಡಬಹುದಿತ್ತು, ಯಾರೂ ಬೇಡ ಎನ್ನುತ್ತಿರಲಿಲ್ಲ. ಅವಳು ನಿಲ್ಲಲೇ ಇಲ್ಲ. ಮಿಕ್ಕ ಮೂರು ನಿಮಿಷ ಅಷ್ಟು ದೊಡ್ಡ ಜಾಗದಲ್ಲಿ ಬ್ಲೇಡಿನ ಸದ್ದು ಮಾತ್ರ, ನನ್ನ ಕಿವಿಗೆ ಹಬ್ಬ. ಸ್ಕೇಟು ಕೊಡಲು ಬಂದಾಗ ಅಷ್ಟು ಧೈರ್ಯ ಎಲ್ಲಿಂದ ಬಂತು ಎಂದು ಕೇಳಿದೆ. 'ಧೈರ್ಯ ಎಲ್ಲಿ ಬಂತು ಆಂಟಿ, ನಿಂತ್ರೆ ಮತ್ತೆ ಶುರು ಮಾಡೋಕಾಗಲ್ಲ ಅಂತ ಭಯ ಆಯ್ತು' ಎಂದಳು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಇವೆಲ್ಲಕ್ಕಿಂತ ಮೇಲಿನದು, ನೀನು ಪುಸ್ತಕದಿಂದ ಕಿತ್ತುಹಾಕಿರುವ ಪ್ರದರ್ಶನ. ಹನ್ನೊಂದು ವರ್ಷದ ಹಿಂದಿನ ನಿನ್ನದೇ. ಹೆತ್ತವಳು ಹೊಗಳುತ್ತಾಳೆ ಎಂದು ಮೂಗು ಮುರಿಯಬೇಡ. ಕೂತುಕೊಂಡು ಓದು.

ಸ್ಪರ್ಧೆಯ ಹಿಂದಿನ ದಿನ ನಿನ್ನ ಸ್ಕೇಟುಗಳಿಗೆ ನಾನೇ ಸಾಣೆ ಹಿಡಿದೆ. ಸಾಣೆ ಆದ ಮೇಲೆ ಎರಡು ಅಂಚಿನ ಮೇಲೂ ಕೂರುವಂತೆ ಒಂದು ಸಣ್ಣ ಲೋಹದ ಪಟ್ಟಿ ಇಟ್ಟು ಸಮ ಇದೆಯೇ ಎಂದು ನೋಡಬೇಕು. ಎಡದ್ದನ್ನು ನೋಡಿದೆ, ಸಮ ಇತ್ತು. ಅಷ್ಟರಲ್ಲಿ ಯಾರದೋ ತಾಯಿ ಬಂದು ಮಗಳ ಬ್ಲೇಡು ಮೊಂಡಾಗಿದೆ ಎಂದು ಜಗಳ ತೆಗೆದಳು. ನಾನು ಬಿಡುವವಳೇ, ತಿರುಗಿ ನಾಲ್ಕು ಮಾತಾಡಿ ಕಳಿಸಿದೆ. ಅದೇ ಉರಿಯಲ್ಲಿ ಕೈಗೆ ಸಿಕ್ಕಿದ ಸ್ಕೇಟನ್ನು ನೋಡಿದೆ. ಅದೂ ಸಮ ಇತ್ತು. ಇರದೆ ಏನು, ನಾನು ಎತ್ತಿಕೊಂಡಿದ್ದು ಅದೇ ಎಡದ್ದನ್ನು. ಬಲದ್ದನ್ನು ನೋಡಲೇ ಇಲ್ಲ ಮಗಳೇ. ಅದರ ಹೊರ ಅಂಚು ಕೂದಲೆಳೆಯಷ್ಟು ತಗ್ಗಾಗಿತ್ತು.

ನೀನು ಹೇಗೆ ಹಾರಿದರೂ ಇಳಿಯುವುದು ಬಲಗಾಲಿನ ಹೊರ ಅಂಚಿನ ಮೇಲೆ. ಮೊದಲ ಜಿಗಿತದಲ್ಲಿ ಕಾಲು ಜಾರಿ ಬಿದ್ದೆ. ಬೀಳದೆ ಇರುತ್ತಿದ್ದವರು ಯಾರು? ಆದರೆ ನೀನು ಎದ್ದೆ. ಮಂಡಿ ಇನ್ನಷ್ಟು ಬಗ್ಗಿಸಿದೆ, ಮತ್ತೆ ಹಾರಿದೆ. ನಮ್ಮ ಅಂಗಳದಲ್ಲೇ ನಡೆದ ಸ್ಪರ್ಧೆ ಅದು, ಐಸಿನ ಮೇಲಿನ ಗೆರೆ ಒರೆಸುವ ಗಾಡಿ ನಿಮ್ಮಪ್ಪನ ಕೈಯಲ್ಲಿತ್ತು. ನಿನ್ನದು ಮುಗಿದ ಮೇಲೆ ಅವರಿಗೆ ಎರಡು ನಿಮಿಷ ತಡೆಯಲು ಹೇಳಿ ನಾನು ಒಳಗಿಳಿದು ನಿನ್ನ ಗೆರೆಗಳನ್ನು ಹುಡುಕಿದೆ. ಇಳಿದ ಜಾಗದಲ್ಲೆಲ್ಲ ಚಮಚದಿಂದ ಕೆರೆದಂತೆ ಅಗಲ ಗಾಯ, ಅದರ ಮುಂದೆ ತೆಳ್ಳಗಿನ ದುಂಡನೆಯ ಗೆರೆ. ಬಿದ್ದೆದ್ದ ಮೇಲೆ ಆರು ಸಲ ಕೆಟ್ಟ ಅಂಚಿನ ಮೇಲೆ ಇಳಿದು, ಆರು ಸಲವೂ ನಿಂತಿದ್ದೆ. ನನ್ನ ಮೂವತ್ತು ವರ್ಷದಲ್ಲಿ ಇನ್ನೊಬ್ಬಳು ಹಾಗೆ ನಿಂತದ್ದನ್ನು ನಾನು ಕಂಡಿಲ್ಲ. ಪ್ರಪಂಚದಲ್ಲಿ ಯಾರನ್ನು ಬೇಕಾದರೂ ಎದುರಿಗೆ ಕೂರಿಸು, ಇದನ್ನೇ ಹೇಳುತ್ತೇನೆ.

ಮರುದಿನ ನೀನು ಮಲಗಿದ್ದಾಗ ಬಲದ್ದಕ್ಕೆ ಪಟ್ಟಿ ಇಟ್ಟು ನೋಡಿದೆ. ವಾಲಿತು. ಸಾಣೆ ಕೊಟ್ಟು ಸರಿಮಾಡಿ, ಒರೆಸಿ, ಚೀಲದಲ್ಲಿಟ್ಟೆ, ಬಾಯಿ ಬಿಡಲಿಲ್ಲ. ವಾರದೊಳಗೆ ನೀನು ಸ್ಪರ್ಧೆ ಸಾಕು, ಚಿಕ್ಕವರಿಗೆ ಕಲಿಸಿಕೊಂಡಿರುತ್ತೇನೆ, ನನ್ನ ಧೈರ್ಯ ಇಷ್ಟೇ ಎಂದೆ. ನಾನು ಪಾತ್ರೆ ತೊಳೆಯುತ್ತಾ ಹೂಂ ಎಂದೆ. ಆ ಹೂಂ ಇವತ್ತಿಗೂ ಗಂಟಲಲ್ಲಿದೆ. ತಪ್ಪಾಯಿತು ಕಂದಾ. ದೊಡ್ಡ ತಪ್ಪಾಯಿತು.

ಸಿಟ್ಟು ಬಂದರೆ ಬೈದು ಬರೆ, ಮಾತು ಬಿಟ್ಟರೂ ಸಹಿಸಿಕೊಳ್ಳುತ್ತೇನೆ. ನಿನ್ನ ಕ್ಷಮೆ ಕೇಳಿಕೊಂಡು ಈ ಕಾಗದ ಬರೆಯುತ್ತಿಲ್ಲ. ಶುಕ್ರವಾರ ನೀನು ಬೇಡ ಎಂದು ಬರೆದುಕೊಟ್ಟರೆ, ನನ್ನ ಕೈಯ ತಪ್ಪಿಗೆ ನಿನ್ನ ಹೆಸರು ಹಾಕಿಕೊಂಡಂತೆ. ಅದಕ್ಕೆ ನಾನು ಒಪ್ಪುವುದಿಲ್ಲ. ಹೋಗಿ ಒಪ್ಪಿಕೊ. ಪುಸ್ತಕದಲ್ಲಿ ನನ್ನ ಪಟ್ಟಿಯನ್ನು ಇದ್ದ ಹಾಗೆ ಅಚ್ಚು ಹಾಕಿಸು, ನನ್ನ ತಪ್ಪನ್ನೂ ಸೇರಿಸಿ. ಗಿರಾಕಿಗಳು ಓಡಿಹೋದರೆ ಹೋಗಲಿ, ನನಗೂ ಬೆನ್ನು ನೋವು.

ಹಟದಲ್ಲಿ ನಿನಗಿಂತ ಒಂದು ಕೈ ಮೇಲಾದ
ನಿನ್ನ ಅಮ್ಮ

ವಿ.ಸೂ.: ಕಾಗದವನ್ನು ಲಕೋಟೆಗೆ ಹಾಕಿ ಮತ್ತೆ ತೆಗೆದೆ. ಮರುದಿನ ಗೊತ್ತಾಯಿತು ಎಂದು ಬರೆದಿದ್ದೇನಲ್ಲ, ಅದು ಸುಳ್ಳು. ಸ್ಪರ್ಧೆಗೆ ಮೊದಲು ಮೈ ಸಡಿಲಿಸಿಕೊಳ್ಳಲು ಆರು ನಿಮಿಷ ಬಿಟ್ಟಿದ್ದರು. ನೀನು ಅಂಗಳದ ಬೇಲಿಯ ಹತ್ತಿರ ಬಂದು 'ಅಮ್ಮಾ, ಬಲಗಾಲು ನಿಲ್ತಾನೇ ಇಲ್ಲ' ಎಂದೆ. ನೀನು ಹೇಳುವ ಮೊದಲೇ ಆ ಸದ್ದಿನಲ್ಲಿ ನನಗೆ ಎಲ್ಲ ತಿಳಿದಿತ್ತು. ನಿನ್ನ ಸರದಿ ಕೊನೆಯದು, ಸಾಣೆ ಯಂತ್ರ ಹತ್ತು ಹೆಜ್ಜೆಯಲ್ಲಿತ್ತು, ಸರಿಮಾಡಲು ನಾಲ್ಕು ನಿಮಿಷ ಸಾಕಿತ್ತು. ಆದರೆ ಪಕ್ಕದಲ್ಲಿ ಬೇರೆ ಕ್ಲಬ್ಬಿನ ಕೋಚ್‌ಗಳೆಲ್ಲ ನಿಂತಿದ್ದರು. ಅವರೆದುರಿಗೆ ನನ್ನ ಕೈ ತಪ್ಪಿದೆ ಎನ್ನಲು ನಾಲಿಗೆ ಏಳಲಿಲ್ಲ. 'ಹೆದರಿಕೆ ಕಣೇ, ಬೇರೇನೂ ಇಲ್ಲ, ಹೋಗು' ಎಂದೆ. ನೀನು ನನ್ನ ಮಾತು ನಂಬಿ ಹೋದೆ. ಆ ದಿನ ಅಲ್ಲಿ ಹೆದರಿದ್ದವಳು ನಾನು.